ಬೂದುಗಾಲಿನ ಹುಂಜಗಳು

ಎಂಟನೆಯ ಮೊಟ್ಟೆಯೂ ಬರಿದಾಗಿತ್ತು. ಗಿರಣಿಯಮ್ಮ ಅದನ್ನು ಬಲ್ಬಿನ ಮುಂದೆ ಇನ್ನೊಂದು ಸಲ ತಿರುಗಿಸಿ ನೋಡಿದಳು. ಹಳದಿಯ ನೆರಳು ಅಲ್ಲಿಂದಿಲ್ಲಿಗೆ ತೇಲಿತೇ ಹೊರತು, ಕಾವಿಗಿಟ್ಟು ಏಳು ದಿನವಾದ ಮೊಟ್ಟೆಯಲ್ಲಿ ಕಾಣಬೇಕಾದ ಕೆಂಪು ನರಗಳ ಬಲೆ ಎಲ್ಲೂ ಇರಲಿಲ್ಲ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಮೊಟ್ಟೆಯ ಮೇಲೆ ಅಡ್ಡಗೆರೆ ಎಳೆದು, ಉಳಿದ ಏಳರ ಪಕ್ಕಕ್ಕೆ ಇಟ್ಟಳು. ಮೂಟೆಕೋಣೆಯ ಮಬ್ಬಿನಲ್ಲಿ ಅವು ಬೋಳುತಲೆಗಳ ಹಾಗೆ ಸಾಲಾಗಿ ಕೂತವು. ಅದೇ ಹೊತ್ತಿಗೆ ಹೊರಗೆ ಒಂದು ಹುಂಜ ಕೂಗಿತು. ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಇನ್ನೊಂದಕ್ಕೆ ಮತ್ತೊಂದು. ಹದಿಮೂರೂ ಸರದಿಯ ಪ್ರಕಾರ ಕೂಗಿ ಮುಗಿಸುವಷ್ಟರಲ್ಲಿ ಮೊದಲನೆಯದಕ್ಕೆ ಮತ್ತೆ ಉಸಿರು ಬಂದಿತ್ತು.

“ಕೂಗಿ, ಕೂಗಿ,” ಎಂದಳು ಅವಳು ಗೋಡೆಯ ಕಡೆ ನೋಡಿ. “ಕೂಗೋದೊಂದು ಚೆನ್ನಾಗಿ ಕಲಿತಿದ್ದೀರಿ.”

ಗಿರಣಿಯ ಬೆಲ್ಟು ಬಿಗಿ ಮಾಡುತ್ತಿದ್ದ ಗಂಡ ಅಲ್ಲಿಂದಲೇ ಎಷ್ಟು ನಿಂತವು ಎಂದು ಕೇಳಿದ. ಎಂಟೂ ಗೊಡ್ಡು ಎಂದಳು. ಅವನು ಬೆಲ್ಟಿನ ಮೇಲಿನ ಹಿಟ್ಟು ಒರೆಸಿ, ಹೋದ ತಿಂಗಳೂ ಎಂಟೇ ಅಲ್ಲವೇ ಎಂದು ನೆನಪಿಸಿದ. ಆ ನೆನಪು ಅವಳಿಗೆ ಬೇಕಾಗಿರಲಿಲ್ಲ.

ಕೋಳಿಯ ತಳಿ ಅವಳ ತಾಯಿಯ ಮನೆಯದು. ಗೋಧಿ ಬಣ್ಣದ ಮೈ, ಕತ್ತಿನ ಸುತ್ತ ಕಪ್ಪು ಮಣಿ ಪೋಣಿಸಿದಂಥ ಪುಕ್ಕ, ಎದ್ದು ನಿಲ್ಲದೆ ತಲೆಗೆ ಅಂಟಿಕೊಂಡ ಚಪ್ಪಟೆ ಜುಟ್ಟು, ಬೂದಿಯಲ್ಲಿ ಅದ್ದಿ ತೆಗೆದಂಥ ಕಾಲು. ಜನ ಬೂದುಗಾಲಿ ಎನ್ನುತ್ತಿದ್ದರು. ಒಂದು ಕಾಲದಲ್ಲಿ ಬೀದಿಗೆ ನಾಲ್ಕು ಮನೆಯಲ್ಲಿ ಇದ್ದವು. ನಲವತ್ತು ದಿನಕ್ಕೆ ತಕ್ಕಡಿಗೇರುವ ಬಿಳಿ ಕೋಳಿ ಬಂದ ಮೇಲೆ, ಮುಕ್ಕಾಲು ವರ್ಷ ಕಾದು ಬೆಳೆಸುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಈಗ ಎರಡೇ ಮನೆಯಲ್ಲಿ ಉಳಿದಿದ್ದವು. ಒಂದು ಈ ಗಿರಣಿ. ಇನ್ನೊಂದು ಅವಳ ತಂಗಿಯ ಮನೆ. ಆ ಮನೆಯ ಮಾತನ್ನು ಅವಳು ಎತ್ತುತ್ತಿರಲಿಲ್ಲ.

ಹೋದ ವರ್ಷ ಹೇಗೋ ಹತ್ತೊಂಬತ್ತು ಮರಿ ಎದ್ದಿದ್ದವು. ಎರಡು ತಿಂಗಳು ಅವು ಬರೀ ಮರಿಗಳಾಗಿದ್ದವು, ಅವಳೂ ಸಂತೋಷವಾಗಿದ್ದಳು. ಆಮೇಲೆ ಒಂದೊಂದೇ ಎದೆ ಉಬ್ಬಿಸಿ ನಿಲ್ಲತೊಡಗಿದವು. ಹತ್ತೊಂಬತ್ತರಲ್ಲಿ ಹದಿಮೂರು ಹುಂಜ. ಹಿಂಡಿಗೆ ಬೇಕಾದದ್ದು ಒಂದು, ಹೆಚ್ಚೆಂದರೆ ಎರಡು. ಮಿಕ್ಕವು ನುಚ್ಚು ತಿಂದು, ಹೇಂಟೆಗಳ ಬೆನ್ನು ಕಿತ್ತು, ಒಂದನ್ನೊಂದು ಕುಕ್ಕಿ, ಗಿರಣಿಯೊಳಗೆ ನುಗ್ಗಿ ಹಿಟ್ಟಿನ ನೆಲದ ತುಂಬ ಹೆಜ್ಜೆ ಮೂಡಿಸಿ ಹೋಗುತ್ತಿದ್ದವು. ದಿನಕ್ಕೆ ನಾಲ್ಕು ಸಲ ಅವಳು ಪೊರಕೆ ಹಿಡಿದು ಆ ಹೆಜ್ಜೆಗಳನ್ನು ಗುಡಿಸುತ್ತಿದ್ದಳು.

ಕೊಡುವುದಕ್ಕೆ ಅವಳು ಪ್ರಯತ್ನಿಸಲಿಲ್ಲ ಎಂದಲ್ಲ. ದರ್ಜಿ ಒಂದನ್ನು ಒಯ್ದು ಒಂಬತ್ತು ದಿನಕ್ಕೆ ತಂದು ಬಿಟ್ಟ; ಹೊಲಿಗೆ ಯಂತ್ರದ ಸದ್ದು ಕೇಳಿದರೆ ಅದು ಜಗಳಕ್ಕೇ ಬರುತ್ತದಂತೆ. ಬಡಗಿಗೆ ಕೊಟ್ಟದ್ದು ಎರಡು ಬೀದಿ ದಾಟಿ, ತಾನೇ ನಡೆದುಕೊಂಡು, ಮಧ್ಯಾಹ್ನದ ನುಚ್ಚಿನ ಹೊತ್ತಿಗೆ ಸರಿಯಾಗಿ ವಾಪಸು ಬಂತು. ಬಡಗಿ ಹುಡುಕಿಕೊಂಡು ಬರಲಿಲ್ಲ. ಅವನಿಗೂ ನೆಮ್ಮದಿಯಾಗಿರಬೇಕು.

ಗೋಡೆಯಾಚೆ ನಿವೃತ್ತ ಸ್ಟೇಷನ್ ಮಾಸ್ತರರು ಇದ್ದರು. ಅವರು ಎಂದೂ ಕೂಗಾಡಿದವರಲ್ಲ. ವಾರಕ್ಕೊಮ್ಮೆ ಗೋಡೆಯ ಮೇಲೆ ಕಲ್ಲಿನ ಕೆಳಗೆ ಒಂದು ಚೀಟಿ ಇಡುತ್ತಿದ್ದರು. ಮುತ್ತಿನಂಥ ಅಕ್ಷರ: ಮೊದಲನೆಯದು ೪.೧೦, ಎರಡನೆಯದು ೪.೧೨, ಮೂರನೆಯದು ಮತ್ತು ನಾಲ್ಕನೆಯದು ಒಟ್ಟಿಗೆ ೪.೧೩. ಕೆಳಗೆ ಒಂದು ಸಾಲು: ‘ತಮ್ಮ ಹುಂಜಗಳು ದಿನದಿಂದ ದಿನಕ್ಕೆ ವೇಳೆಗಿಂತ ಮೊದಲೇ ಹೊರಡುತ್ತಿವೆ.’

ಉಳಿದವನು ಕೋಳಿ ಅಂಗಡಿಯವನು. ಅವನು ಪ್ರತಿ ವರ್ಷ ಗೊಣಗುತ್ತಲೇ ಐದಾರು ಒಯ್ಯುತ್ತಿದ್ದ. ಮೂರು ತಾಸು ಬೇಯಿಸಿದರೂ ಹಲ್ಲಿಗೆ ಬಗ್ಗುವುದಿಲ್ಲವೆಂದು ಗಿರಾಕಿಗಳು ಬಂದು ಅವನಿಗೆ ಬೈಯುತ್ತಿದ್ದರಂತೆ. ಆದರೆ ಐದಾರರಲ್ಲಿ ಒಂದನ್ನು ಮಾತ್ರ ಅವನು ಪ್ರತಿ ಸಲವೂ ಆರಿಸಿ ಆರಿಸಿ ಹಿಡಿಯುತ್ತಿದ್ದ. ರೆಕ್ಕೆ ಎತ್ತಿ ನೋಡುವನು, ಜುಟ್ಟು ಒತ್ತಿ ನೋಡುವನು, ಕಾಲನ್ನು ಬೆಳಕಿಗೆ ಹಿಡಿಯುವನು. ಕೊಯ್ಯುವ ಕೋಳಿಯನ್ನು ಮದುವೆಗೆ ಗಂಡು ನೋಡಿದ ಹಾಗೆ ನೋಡುತ್ತೀಯಲ್ಲಪ್ಪ ಎಂದು ಅವಳು ಒಮ್ಮೆ ಕೇಳಿದ್ದಳು. ಕಾಲು ಚೆನ್ನಾಗಿರಬೇಕು ಅನ್ನೋ ಗಿರಾಕಿ ಒಬ್ಬರಿದ್ದಾರಮ್ಮ, ಸೂಪಿಗಿರಬೇಕು ಎಂದು ಹೇಳಿ ಅವನು ಬುಟ್ಟಿ ಮುಚ್ಚಿದ್ದ.

ಈ ವರ್ಷ ಅವನೂ ಇನ್ನೂ ಬಂದಿರಲಿಲ್ಲ.

ಮೂರು ಹುಂಜಗಳನ್ನು ಒಂದಾದ ಮೇಲೊಂದು ಬೇರೆ ಗೂಡಿನಲ್ಲಿ ಹೇಂಟೆಗಳ ಜೊತೆ ಬಿಟ್ಟು ನೋಡಿದ್ದಳು. ಮೊಟ್ಟೆ ನಿಲ್ಲಲಿಲ್ಲ. ಪಶುವೈದ್ಯರು ಬಂದವರು ಕೋಳಿಗಳನ್ನು ಮುಟ್ಟಲೂ ಇಲ್ಲ. ಎಷ್ಟು ವರ್ಷದಿಂದ ಹೊರಗಿನ ಹುಂಜ ತಂದಿಲ್ಲ ಎಂದಷ್ಟೇ ಕೇಳಿದರು. ಹನ್ನೆರಡು ಎಂದಾಗ ತಲೆಯಾಡಿಸಿದರು. ಅಪ್ಪ ಮಗಳು, ಅಣ್ಣ ತಂಗಿ ಎಂದು ರಕ್ತ ಅದೇ ಅದೇ ಸುತ್ತಿ ಸೋತಿದೆ, ಇದೇ ತಳಿಯ ಬೇರೆ ಮನೆಯ ಹುಂಜ ತನ್ನಿ, ಈ ವರ್ಷ ಮರಿ ಬರದೆ ಹೋದರೆ ಮುಂದಿನ ವರ್ಷ ಮೊಟ್ಟೆಯಿಡುವ ಹೇಂಟೆಗಳೂ ಇರುವುದಿಲ್ಲ ಎಂದರು. ಹದಿಮೂರು ಹುಂಜ ಇವೆಯಲ್ಲ ಎಂದು ಅವಳು ಅಂದದ್ದಕ್ಕೆ, “ಹದಿಮೂರೂ ಒಂದೇ ಕಣಮ್ಮ,” ಎಂದು ಚೀಲ ಹೆಗಲಿಗೇರಿಸಿದರು.

ಬೇರೆ ಮನೆ ಎಂದರೆ ತಂಗಿಯ ಮನೆ.

ತಾಯಿ ಹೋದ ಮೇಲೆ ಅಕ್ಕತಂಗಿಯರು ಕೋಳಿಗಳನ್ನು ಅರ್ಧರ್ಧ ಹಂಚಿಕೊಂಡಿದ್ದರು. ಮರುವರ್ಷ ಚಿಕ್ಕಪ್ಪನ ಮಗಳ ಮದುವೆಯಲ್ಲಿ, ಊಟದ ಸಾಲಿನಲ್ಲಿ, ಇಡೀ ಬಳಗದೆದುರು ಇವಳು ಹೇಳಿದ್ದಳು: ತಂಗಿಯ ಅಂಗಳದಲ್ಲಿರುವುದು ಬೂದುಗಾಲಿ ಅಲ್ಲ, ಕಲಬೆರಕೆ, ಪಕ್ಕದ ಮನೆಯ ಕೆಂಪು ಹುಂಜ ಬೇಲಿ ಹಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ತಂಗಿ ಸುಳ್ಳು ಎಂದಳು. ಅರ್ಧ ಉಂಡ ಎಲೆ ಬಿಟ್ಟು ಎದ್ದು ಹೋದಳು. ಅಂದಿನಿಂದ ಇಬ್ಬರೂ ಸಾವಿನ ಮನೆಗಳಲ್ಲಷ್ಟೇ ಎದುರಾಗಿ, ಎರಡು ಮಾತಾಡಿ, ಬೇರೆ ಬೇರೆ ಬಸ್ಸು ಹತ್ತುತ್ತಿದ್ದರು.

ಆ ಜಗಳದ ನಂತರವೇ ಅವಳು ಮರಿಗಳಿಗೆ ಗುರುತು ಹಾಕಲು ಶುರುಮಾಡಿದ್ದು. ಗಿರಣಿಯ ಬೆಲ್ಟಿಗೆ ತೂತು ಹಾಕುವ ಇಕ್ಕಳ ಒಂದಿತ್ತು. ಅದರ ಸಣ್ಣ ಮೂತಿ ಒಂದು ಕಡೆ ಮುಕ್ಕಾಗಿ, ತೂತು ಅರ್ಧಚಂದ್ರದ ಆಕಾರಕ್ಕೆ ಬೀಳುತ್ತಿತ್ತು. ಮರಿ ಎದ್ದ ದಿನವೇ ಎಡಗಾಲಿನ ಹೊರಗಿನ ಎರಡು ಬೆರಳ ನಡುವಿನ ತೊಗಲಿಗೆ ಒಂದು ತೂತು. ನನ್ನ ಕೋಳಿ ನನ್ನದು ಅಂತ ಗೊತ್ತಾಗಬೇಕು, ಯಾರ ಕಲಬೆರಕೆಯೂ ಇದರಲ್ಲಿ ಸೇರಿಲ್ಲ ಅಂತ ಗೊತ್ತಾಗಬೇಕು ಎನ್ನುತ್ತಿದ್ದಳು.

ಈಗ ಅವಳು ಹದಿಮೂರರಲ್ಲಿ ಒಳ್ಳೆಯದೊಂದನ್ನು ಹಿಡಿದು, ಬುಟ್ಟಿಗೆ ಹಾಕಿ, ಮೇಲೆ ಗೋಣಿ ಬಿಗಿದಳು. ಗಂಡ ಎಲ್ಲಿಗೆ ಎಂದು ಕೇಳಲಿಲ್ಲ. ಒಂದು ಒಯ್ದು ಒಂದು ತರುವುದಾದರೆ ಇಲ್ಲಿ ಒಂದೂ ಕಡಿಮೆಯಾದ ಹಾಗಾಗಲಿಲ್ಲವಲ್ಲ ಎಂದು ಮಾತ್ರ ಅಂದ.

ಬಸ್ಸಿನಲ್ಲಿ ಅವಳು ಒಂದೇ ಮಾತನ್ನು ಮನಸ್ಸಿನಲ್ಲಿ ಉರು ಹೊಡೆದಳು: ಒಂದು ಕೊಡ್ತೀನಿ, ಒಂದು ತಗೊಳ್ತೀನಿ, ನಿನ್ನ ಹಂಗು ನನಗೆ ಬೇಡ. ಹುಂಜ ಪ್ರತಿ ನಿಲ್ದಾಣದಲ್ಲೂ ಬಸ್ಸು ನಿಂತೊಡನೆ ಕೂಗಿತು. ಕಂಡಕ್ಟರು ನಾಲ್ಕನೆಯ ನಿಲ್ದಾಣದ ಹೊತ್ತಿಗೆ ತಾನು ಕೂಗುವುದನ್ನೇ ಬಿಟ್ಟು, “ಅಮ್ಮಾ, ಇದನ್ನ ನಮಗೇ ಬಿಟ್ಟುಹೋಗಿ, ನನಗಿಂತ ಚೆನ್ನಾಗಿ ಸ್ಟಾಪ್ ಹೇಳ್ತದೆ,” ಎಂದ. ಹಿಂದಿನ ಸೀಟಿನವರು ನಕ್ಕರು. ಅವಳಿಗೆ ಮೈಯೆಲ್ಲ ಉರಿಯಿತು.

ತಂಗಿ ಆಸ್ಪತ್ರೆಯಲ್ಲಿ ದಾದಿ. ಪಾಳಿ ಮುಗಿಸಿ ಬಂದು ಆಗಷ್ಟೇ ಬಿಳಿ ಸೀರೆ ಒಗೆದು ಹಗ್ಗಕ್ಕೆ ಹಾಕುತ್ತಿದ್ದಳು. ಗೇಟಿನಲ್ಲಿ ಅಕ್ಕನನ್ನು ಕಂಡು ಅವಳ ಕೈ ಹಗ್ಗದ ಮೇಲೆಯೇ ನಿಂತಿತು.

“ಯಾರು ಹೋದ್ರು?” ಎಂದಳು.

“ಯಾರೂ ಹೋಗಿಲ್ಲ. ಹುಂಜ ತಂದಿದ್ದೀನಿ.”

ತಂಗಿ ಬುಟ್ಟಿಯನ್ನು ನೋಡಿದಳು. ಆಮೇಲೆ ತಿರುಗಿ ಅಂಗಳದ ಮೂಲೆಯನ್ನು ನೋಡಿದಳು. ಅಲ್ಲಿ ಆಸ್ಪತ್ರೆಯ ಹಳೆಯ ಮಂಚಗಳ ಸರಳುಗಳನ್ನು ಕೂಡಿಸಿ ಕಟ್ಟಿದ ಪಂಜರವೊಂದಿತ್ತು. ಅದರೊಳಗೆ ಹುಂಜಗಳು ಕತ್ತಿಗೆ ಕತ್ತು ತಾಗಿಸಿ ನಿಂತಿದ್ದವು.

“ಅಕ್ಕ, ನನ್ನ ಹತ್ರ ಒಂಬತ್ತಿವೆ. ಬಿಟ್ಟಿಯಾಗಿ ಕೊಡ್ತೀನಿ ಅಂದ್ರೂ ಡಾಕ್ಟ್ರು, ವಾರ್ಡ್‌ಬಾಯ್, ಯಾರೂ ಮುಟ್ಟಲ್ಲ. ನೀನು ಇನ್ನೊಂದು ತಂದ್ಯಲ್ಲ.”

“ನನ್ನ ಹತ್ರ ಹದಿಮೂರಿವೆ,” ಎಂದಳು ಗಿರಣಿಯಮ್ಮ.

ಒಂದು ಗಳಿಗೆ ಇಬ್ಬರ ತುಟಿಯ ಮೇಲೂ ಏನೋ ಬಂದು ಹೋಯಿತು. ನಗು ಎಂದು ಯಾರಾದರೂ ಹೇಳಿದ್ದರೆ ಇಬ್ಬರೂ ಒಪ್ಪುತ್ತಿರಲಿಲ್ಲ. ಉರು ಹೊಡೆದ ಮಾತನ್ನು ಅವಳು ಅರ್ಧ ನುಂಗಿ ಅರ್ಧ ಹೇಳಿದಳು. ಮೊಟ್ಟೆ ನಿಲ್ಲದಿರುವುದನ್ನೂ ವೈದ್ಯರ ಮಾತನ್ನೂ ಹೇಳಿದಳು. ತಂಗಿ ಕೇಳಿಸಿಕೊಂಡು, ಹಗ್ಗದ ಮೇಲಿನ ಸೀರೆಯ ಸುಕ್ಕು ಎಳೆಯುತ್ತ ಎಳೆಯುತ್ತ, ಪಂಜರದಲ್ಲಿ ಯಾವುದು ಬೇಕೋ ಅದನ್ನು ಹಿಡಿದುಕೋ ಎಂದಳು.

ಆದರೆ ಗಿರಣಿಯಮ್ಮನ ಕಣ್ಣು ಪಂಜರದ ಮೇಲೆ ಇರಲಿಲ್ಲ. ಅಂಗಳದಲ್ಲಿ ಹೇಂಟೆಗಳ ನಡುವೆ ಓಡಾಡುತ್ತಿದ್ದ ದೊಡ್ಡ ಹುಂಜ ಅವಳನ್ನು ಹಿಡಿದು ನಿಲ್ಲಿಸಿತ್ತು. ಕತ್ತಿನ ಮಣಿ ಒಂದೂ ತಪ್ಪಿರಲಿಲ್ಲ. ಕಾಲು ತಾಯಿಯ ಒಲೆಯ ಬೂದಿಯದೇ ಬಣ್ಣ. ಇದು ಕಲಬೆರಕೆ ಎಂದಿದ್ದೆನಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

“ಅದು ಬೇಡ. ಅದಕ್ಕೆ ವಯಸ್ಸಾಯ್ತು. ಪಂಜರದ್ದು ನೋಡು,” ಎಂದಳು ತಂಗಿ ಸ್ವಲ್ಪ ಅವಸರದಲ್ಲಿ.

“ವಯಸ್ಸಾದ್ರೇನು, ನೋಡ್ತೀನಿ ಇರು.”

ಹುಂಜ ಅವಳ ಕೈಗೆ ಸುಲಭವಾಗಿ ಸಿಕ್ಕಿತು. ಅವಳ ಕೈ ಗೊತ್ತಿದೆಯೇನೋ ಎಂಬಂತೆ ಕಂಕುಳಲ್ಲಿ ಸುಮ್ಮನೆ ಕೂತಿತು. ಅಭ್ಯಾಸಬಲದಿಂದ ಅವಳು ಎಡಗಾಲು ಹಿಡಿದು ಬೆರಳುಗಳನ್ನು ಅಗಲಿಸಿದಳು. ಹೊರಗಿನ ಎರಡು ಬೆರಳ ನಡುವಿನ ತೊಗಲಿನಲ್ಲಿ, ಹಳೆಯದಾಗಿ ಅಂಚು ಗಟ್ಟಿಯಾದ, ಅರ್ಧಚಂದ್ರದ ತೂತು ಇತ್ತು. ಅದರಾಚೆ ತಂಗಿಯ ಅಂಗಳದ ಮಣ್ಣು ಕಾಣುತ್ತಿತ್ತು.

ಅವಳು ಬಹಳ ಹೊತ್ತು ಆ ಕಾಲನ್ನು ಬಿಡಲಿಲ್ಲ.

“ಇದು ನನ್ನದು.”

“ಹೌದು,” ಎಂದಳು ತಂಗಿ.

“ಇದನ್ನ ಕೊಯ್ಯೋಕೆ ಕೊಟ್ಟಿದ್ದೆ ಕಣೆ.”

“ಕೊಯ್ಯೋಕೆ ಬಿಡ್ಲಿಲ್ಲ.”

ಆಮೇಲೆ ಎಲ್ಲ ಹೊರಗೆ ಬಂತು. ತಂಗಿ ಬಾವಿಕಟ್ಟೆಯ ಮೇಲೆ ಕೂತು, ಒದ್ದೆ ಕೈ ಮಡಿಲಲ್ಲಿಟ್ಟುಕೊಂಡು, ರೋಗಿಯ ಮನೆಯವರಿಗೆ ವಿಷಯ ತಿಳಿಸುವವಳಂತೆ ನಿಧಾನವಾಗಿ ಹೇಳಿದಳು. ಅಕ್ಕ ಮದುವೆಯಲ್ಲಿ ಹೇಳಿದ್ದು ಸುಳ್ಳಾಗಿರಲಿಲ್ಲ. ಕೆಂಪು ಹುಂಜ ಬೇಲಿ ಹಾರಿತ್ತು. ಅದೇ ವರ್ಷ ತಾಯಿಯ ಹುಂಜ ರೋಗ ಬಂದು ಸತ್ತಿತು. ಉಳಿದ ಮರಿಗಳಲ್ಲಿ ಯಾವುದು ತಾಯಿಯ ಹುಂಜದ್ದು, ಯಾವುದು ಬೇಲಿ ಹಾರಿದ್ದರದ್ದು ಎಂದು ಹೇಳುವವರು ಯಾರೂ ಇರಲಿಲ್ಲ. ಹಾಗಾಗಿ ಕೋಳಿ ಅಂಗಡಿಯವನಿಗೆ ಹೇಳಿಟ್ಟಳು: ಗಿರಣಿಯಿಂದ ಬರುವ ಹುಂಜಗಳಲ್ಲಿ ಕಾಲು ಚೆನ್ನಾಗಿರುವುದೊಂದನ್ನು ಜೀವಂತ ತಂದುಕೊಡು. ವರ್ಷಕ್ಕೊಂದು. ಹತ್ತು ವರ್ಷದಿಂದ.

“ನನ್ನನ್ನ ಕೇಳಬಹುದಿತ್ತಲ್ಲ.”

“ಕೇಳಿದ್ರೆ ಕೊಡ್ತಿದ್ಯಾ?”

ಗಿರಣಿಯಮ್ಮ ಹುಂಜದ ಬೆರಳುಗಳನ್ನು ಮತ್ತೆ ಮಡಿಸಿದಳು.

“ನಿನ್ನದಾದ್ರೆ ಶುದ್ಧ ಅಂತ ಗ್ಯಾರಂಟಿ ಇತ್ತು,” ಎಂದಳು ತಂಗಿ. “ತೂತು ಇತ್ತಲ್ಲ.”

ಗಿರಣಿಯಮ್ಮ ಹುಂಜವನ್ನು ಕೆಳಗಿಳಿಸಿ ಒಗೆಯುವ ಕಲ್ಲಿನ ಮೇಲೆ ಕೂತಳು. ಹತ್ತು ವರ್ಷ. ತಾನು ಹಾಕಿದ ಗುರುತನ್ನೇ ನಂಬಿ ಇವಳು ತನ್ನ ಗಿರಣಿಯ ಕೋಳಿಗಳ ರಕ್ತವನ್ನೇ ಈ ಅಂಗಳದ ತುಂಬ ಹರಿಸಿದ್ದಳು. ಪಂಜರದ ಒಂಬತ್ತೂ ತನ್ನ ಹುಂಜಗಳ ಮಕ್ಕಳು, ಮೊಮ್ಮಕ್ಕಳು. ಈ ದೊಡ್ಡದೂ ಸೇರಿ ಇಪ್ಪತ್ತಮೂರು ಹುಂಜ ಎರಡು ಮನೆಯಲ್ಲಿ, ಇಪ್ಪತ್ತಮೂರೂ ಒಂದೇ.

“ಕೊಯ್ದು ತಿಂದಿದ್ರೂ ಚೆನ್ನಾಗಿರ್ತಿತ್ತು,” ಎಂದಳು. “ಇವತ್ತು ನಿನ್ನ ಹತ್ರ ಬೇರೆ ರಕ್ತ ಉಳಿದಿರ್ತಿತ್ತು.”

“ಮೂರು ತಾಸು ಬೇಯ್ಸಬೇಕಲ್ಲ ಅಕ್ಕ,” ಎಂದಳು ತಂಗಿ. ಆಮೇಲೆ ದನಿ ಇಳಿಸಿ, ತನ್ನಲ್ಲೂ ಈ ಸಲ ಹನ್ನೆರಡಕ್ಕೆ ಎರಡೇ ಮರಿ ಎದ್ದದ್ದು ಎಂದಳು.

ಆಗ ಮನೆಯ ಹಿಂದಿನಿಂದ ಒಂದು ಹುಂಜ ಕೂಗಿತು. ಗಿರಣಿಯಮ್ಮನಿಗೆ ಬೂದುಗಾಲಿಗಳ ಕೂಗು ಚೆನ್ನಾಗಿ ಗೊತ್ತು. ಕೊನೆಯಲ್ಲಿ ಬಿರಿದು ಮುರಿಯುತ್ತದೆ. ಇದು ಮುರಿಯಲಿಲ್ಲ. ಅವಳು ಎದ್ದಳು. ತಂಗಿ ಹಿಂದೆಯೇ ಎದ್ದು, ಅಲ್ಲೇನಿಲ್ಲ, ಕಸ ಹಾಕುವ ಜಾಗ ಎಂದಳು. ಅವಳು ಅಷ್ಟರಲ್ಲಿ ಬಚ್ಚಲಮನೆ ದಾಟಿದ್ದಳು.

ಹಿಂದೆ ತಗಡು ಹೊದಿಸಿದ ಗೂಡು ಒಂದಿತ್ತು. ಅದರ ಮುಂದೆ ಒಂದು ಹೇಂಟೆ ಕಸ ಕೆದಕಿ ಮರಿಗಳನ್ನು ಕರೆಯುತ್ತಿತ್ತು. ಎರಡು ಹುಂಜ. ಗೋಧಿ ಬಣ್ಣ, ಕತ್ತಿನಲ್ಲಿ ಕಪ್ಪು ಮಣಿ. ಜುಟ್ಟು ಮಾತ್ರ ಸ್ವಲ್ಪ ಎದ್ದಿತ್ತು, ಕಾಲು ಅರಿಸಿನದಷ್ಟು ಹಳದಿ.

“ಅಡಿಗೆಮನೆ ಮೊಟ್ಟೆಗೆ ಅಂತ ಇಟ್ಕೊಂಡೆ,” ಎಂದಳು ತಂಗಿ. “ಅವತ್ತು ಬೇಲಿ ಹಾರಿದ್ದರ ವಂಶ. ಮುಂದಿನ ಅಂಗಳದವುಗಳ ಜೊತೆ ಬಿಡಲ್ಲ. ಯಾರಿಗೂ ತೋರ್ಸಲ್ಲ.”

“ಎಷ್ಟು ಮೊಟ್ಟೆ ಇಟ್ಟಿದ್ದೆ?”

“ಹನ್ನೊಂದು.”

“ಎಷ್ಟು ಎದ್ದವು?”

“ಹನ್ನೊಂದು.”

ಮರಿಗಳು ತಾಯಿಯ ಕಾಲ ಸಂದಿಯಲ್ಲಿ ನುಗ್ಗಾಡುತ್ತಿದ್ದವು. ಹುಂಜಗಳಲ್ಲಿ ಒಂದು ಹುಳು ಸಿಕ್ಕಿದ್ದನ್ನು ತಿನ್ನದೆ, ಕತ್ತು ಓರೆ ಮಾಡಿ ಹೇಂಟೆಯನ್ನು ಕರೆಯಿತು. ತಾಯಿಯ ಹಳೆಯ ಹುಂಜಕ್ಕೂ ಇದೇ ಓರೆ ಕತ್ತು ಇತ್ತು. ತನ್ನ ಹದಿಮೂರರಲ್ಲಿ ಒಂದಕ್ಕೂ ಇರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲು ಜೋರಾಗಿತ್ತು.

“ಒಂದು ಕೊಡ್ತೀಯಾ?”

ತಂಗಿ ಅವಳನ್ನೇ ನೋಡಿದಳು. “ಕಲಬೆರಕೆ ಅಕ್ಕ ಅದು.”

“ಗೊತ್ತು.”

“ಊಟದ ಸಾಲಿನಲ್ಲಿ ಹೇಳಿದ್ದೆ ನೀನು. ನಮ್ಮ ಅತ್ತೆ ಕೂತಿದ್ರು.”

“ಗೊತ್ತು ಅಂದೆನಲ್ಲ.”

ಅದಕ್ಕಿಂತ ಹೆಚ್ಚಿಗೆ ಅವಳ ಬಾಯಲ್ಲಿ ಬರಲಿಲ್ಲ. ತಂಗಿಯೂ ಕಾದು ನೋಡಿ, ಅಷ್ಟಕ್ಕೇ ಸಮಾಧಾನ ಮಾಡಿಕೊಂಡವಳಂತೆ ಬಗ್ಗಿ ಹಳದಿಗಾಲಿನ ಹುಂಜಗಳಲ್ಲಿ ಒಂದನ್ನು ಹಿಡಿದಳು. ಕಾಫಿಯಾಯಿತು. ಹೊರಡುವ ಹೊತ್ತಿಗೆ ಅಕ್ಕ ತಂದ ಹುಂಜವನ್ನು ಮಾತ್ರ ಅವಳು ಏನು ಮಾಡಿದರೂ ಇಟ್ಟುಕೊಳ್ಳಲಿಲ್ಲ. ಒಂಬತ್ತು ಸಾಲದೆಂದು ಹತ್ತನೆಯದು ತನಗೆ ಬೇಡ. ಅದೂ ಸಾಲದೆ ಒಳಗಿನಿಂದ ಇನ್ನೊಂದು ಬುಟ್ಟಿ ತಂದು, ಅರ್ಧಚಂದ್ರದ ತೂತಿನ ದೊಡ್ಡ ಹುಂಜವನ್ನೂ ಅದರೊಳಗೆ ಕೂರಿಸಿದಳು. ನಿನ್ನದು ನೀನೇ ಇಟ್ಟುಕೋ, ನನಗಿನ್ನು ಇದರ ಗ್ಯಾರಂಟಿ ಬೇಕಾಗಿಲ್ಲ ಎಂದಳು. ಬಸ್ಸು ಬಂದಾಗ ಎರಡೂ ಬುಟ್ಟಿಗಳನ್ನು ಅವಳೇ ಕಿಟಕಿಯಿಂದ ಒಳಗೆ ತಳ್ಳಿದಳು. ಅದೇ ಕಂಡಕ್ಟರು. ಅವನು ಬುಟ್ಟಿಗಳನ್ನು ನೋಡಿ ಕೈಮುಗಿದ.

ಗಿರಣಿಯ ಬಾಗಿಲಲ್ಲಿ ಗಂಡ ಗೋಣಿ ಬಿಚ್ಚಿ ನೋಡಿದ. ಮಾಸ್ತರರೂ ಗೋಡೆಯಾಚೆಯಿಂದ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಹೋಗುವಾಗ ಒಂದು, ಬರುವಾಗ ಮೂರು,” ಎಂದ ಗಂಡ. ದೊಡ್ಡ ಹುಂಜವನ್ನು ಎತ್ತಿ, “ಓ, ಇದು ಇನ್ನೂ ಬದುಕಿದೆಯಾ?” ಎಂದವನು, ಆಡಬಾರದ್ದು ಆಡಿದೆನೆಂದು ತಿಳಿದು ನಾಲಿಗೆ ಕಚ್ಚಿಕೊಂಡ.

“ನಿಮಗೆ ಗೊತ್ತಿತ್ತಾ?”

“ಅಂಗಡಿಯವನು ಹೇಳಿದ್ದ.”

“ಯಾವಾಗ?”

“ಮೊದಲನೇ ವರ್ಷ,” ಎಂದ ಅವನು ಬೆಲ್ಟಿನ ಕಡೆ ತಿರುಗಿ. “ಅಕ್ಕತಂಗೀರ ವಿಷಯ, ನಾನ್ಯಾಕೆ ಮಧ್ಯ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ.”

ಆ ದಿನ ಅವಳು ಅವನ ಜೊತೆ ಮಾತಾಡಲಿಲ್ಲ. ಮಾರನೆಯ ದಿನವೂ ಆಡಲಿಲ್ಲ. ಮೂರನೆಯ ದಿನ ಮಾಸ್ತರರ ಚೀಟಿ ಬಂತು: ‘ಹೊಸದೊಂದು ಸೇರ್ಪಡೆಯಾಗಿದೆ. ೩.೫೫. ದನಿ ಚೆನ್ನಾಗಿದೆ ಎಂಬುದನ್ನು ಒಪ್ಪುತ್ತೇನೆ.’ ಅದನ್ನು ಯಾರಿಗಾದರೂ ಓದಿ ಹೇಳಲೇಬೇಕಿತ್ತು; ಗಂಡನಿಗೇ ಓದಿ ಹೇಳಿದಳು.

ತಿಂಗಳಾಗುತ್ತ ಬಂದಾಗ, ಒಂದು ಮಧ್ಯಾಹ್ನ, ಅವಳು ಮೂಟೆಕೋಣೆಯ ಬಲ್ಬು ಹಾಕಿ ಎಂಟು ಮೊಟ್ಟೆಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಕಿವಿಯ ಸಂದಿಯ ಪೆನ್ಸಿಲ್ ಎರಡೇ ಸಲ ಕೆಳಗೆ ಬಂತು. ಉಳಿದವನ್ನು ಕಾವು ಕೂತ ಹೇಂಟೆಯ ಕೆಳಗೆ ಸೇರಿಸುವಾಗ ಅದು ಕೈಗೆ ಕುಕ್ಕಿತು.

“ಎಷ್ಟು?” ಎಂದ ಗಂಡ ಹೊರಗಿನಿಂದ.

“ಆರು.”

ಅವನು ಸ್ವಲ್ಪ ಯೋಚಿಸಿದ. “ಅದರಲ್ಲಿ ಹುಂಜ ಎಷ್ಟೋ,” ಎಂದ.

ಅವಳು ಪೊರಕೆ ಹಿಡಿದೇ ಹೊರಗೆ ಬಂದಳು. ಗಿರಣಿ ನಿಂತಿತ್ತು. ಮೊಳೆಗೆ ನೇತುಹಾಕಿದ ಇಕ್ಕಳದ ಮೇಲೆ ತೆಳ್ಳಗೆ ಹಿಟ್ಟು ಕೂತಿತ್ತು. ಯಾರೂ ಇಲ್ಲದ ಹೊತ್ತು ನೋಡಿ ಹುಂಜಗಳು ಮತ್ತೆ ಒಳಗೆ ನುಗ್ಗಿ ಹೋಗಿದ್ದವು; ಬಾಗಿಲಿನಿಂದ ಬೀಸುಕಲ್ಲಿನ ತನಕ ನೆಲದ ತುಂಬ ಹೆಜ್ಜೆ. ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಒಂದು. ಹೊಸದು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗಿರಬಹುದೆಂದು ಅವಳು ಬಗ್ಗಿ ಹುಡುಕಿದಳು. ಬಿಳಿ ಹಿಟ್ಟಿನ ಮೇಲೆ ಎಲ್ಲವೂ ಒಂದೇ ಥರ ಇದ್ದವು. ಅವಳು ಪೊರಕೆಯನ್ನು ಬಾಗಿಲಿಗೆ ಒರಗಿಸಿ, ಹೆಜ್ಜೆಗಳನ್ನು ಬಳಸಿಕೊಂಡು ಗೋಡೆಯ ಪಕ್ಕದಲ್ಲೇ ನಡೆದು ಹೋಗಿ, ಮೋಟಾರು ಹಾಕಿದಳು.